ಬಣ್ಣ ಅರ್ಧ ತಾಸು, ಉಜ್ಜೋದು ಮೂರು ದಿನ

ಕಳೆದ ದೀಪಾವಳಿ ಮುಗಿದ ಮರುವಾರ ನಮ್ಮ ಮನೆ ಗೇಟಿನ ಕಲ್ಲುಕಂಬಕ್ಕೆ ನಾನೇ ನನ್ನ ಕಾರು ಗುದ್ದಿಸಿದೆ. ಬೇರೆ ಯಾರ ಮೇಲೂ ತಪ್ಪು ಹಾಕುವಂತಿಲ್ಲ. ಹಾವೇರಿಯಲ್ಲಿ 11 ಗಂಟೆಗೆ ಸುದ್ದಿಗೋಷ್ಠಿ, ಬ್ಯಾಡಗಿ ಕಡೆಯ ನಮ್ಮೂರಿನಿಂದ ನಾನು ಹೊರಟಿದ್ದೇ ಹತ್ತೂವರೆ ದಾಟಿದ ಮೇಲೆ. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಸ್ಟೇರಿಂಗು. ಕಂಬಕ್ಕೆ ಏನೂ ಆಗಲಿಲ್ಲ.

ಕಾರು ಅಂದರೆ ದೊಡ್ಡದೇನಲ್ಲ, ಬಿಳಿ ಬಣ್ಣದ ಹಳೇ ಮಾರುತಿ 800. ನಾನು ಅದರ ಮೂರನೇ ಯಜಮಾನ. ಎಡಗಡೆ ಮುಂದಿನ ಗಾಲಿಯ ಮೇಲಿನ ತಗಡು ಹೆಡ್‌ಲೈಟಿನ ಪಕ್ಕ ಹರಿದು ಒಳಕ್ಕೆ ಮಡಚಿಕೊಂಡಿತ್ತು. ನಾವು ಇದನ್ನು ಮಡ್‌ಗಾರ್ಡ್ ಅನ್ನುತ್ತೇವೆ, ಸ್ಪೇರ್ ಅಂಗಡಿಯಲ್ಲಿ ಫೆಂಡರ್ ಅಂತ ಕೇಳಬೇಕು. ಅದರ ಕೆಳಗಿನ ಮೂಲೆಯನ್ನು ಮೊದಲೇ ತುಕ್ಕು ತಿಂದಿತ್ತು. ಟಿಂಕರಿಂಗ್ ಮಾಡುವವನು ಕೈಯಿಂದ ಒತ್ತಿ ನೋಡಿ, "ಇದನ್ನ ಬಡದು ಸರಿ ಮಾಡೋ ರೊಕ್ಕದಾಗ ಹೊಸಾದ ಬರತೈತಿ ಸರ" ಅಂದ. ಮಾರುತಿ 800 ತಯಾರಿಕೆ ನಿಂತಿದ್ದು 2014ರಲ್ಲಿ. ಆದರೆ ರಸ್ತೆ ಮೇಲೆ ಇನ್ನೂ ಅಷ್ಟು ಗಾಡಿಗಳಿರುವುದರಿಂದ ಬಿಡಿಭಾಗಕ್ಕೆ ತೊಂದರೆಯಿಲ್ಲ. ಹುಬ್ಬಳ್ಳಿಯಿಂದ 1,300 ರೂಪಾಯಿಗೆ ಹೊಸ ಫೆಂಡರ್ ತಂದೆ.

ಬಣ್ಣಕ್ಕೆ ನಮ್ಮ ಕಡೆ ಎಲ್ಲರೂ ಹೋಗುವ ಪೇಂಟರ್ ಚಾಚಾ ಹತ್ತಿರ ಹೋದೆ. "ಮೂರೂವರಿ ಸಾವಿರ ಆಗತೈತಿ" ಅಂದರು. ತಗಡಿಗೇ 1,300, ಅದಕ್ಕೆ ಬಳಿಯುವ ಬಣ್ಣಕ್ಕೆ 3,500! ನಾನು ಶುರು ಹಚ್ಚಿಕೊಂಡೆ. ಒಂದು ಫೆಂಡರಿಗೆ ಎಷ್ಟು ಬಣ್ಣ ಹಿಡಿಯುತ್ತದೆ? ಕಾಲು ಲೀಟರ್? ಅದಕ್ಕೆಷ್ಟು? ಹೊಡೆಯೋಕೆ ಎಷ್ಟು ಹೊತ್ತು? ಎರಡು ಸಾವಿರಕ್ಕೆ ಮುಗಿಸಿ ಚಾಚಾ ಅಂದೆ. ಅವರು ಸಿಟ್ಟಾಗಲಿಲ್ಲ. "ಬಣ್ಣಾ ಹೊಡಿಯೂದು ಅರ್ಧಾ ತಾಸಿನ ಕೆಲಸ. ಮನ್ಯಾಗ ನೀವ ಮಾಡ್ಕೋರಿ ಸರ, ನಿಮಗೂ ಗೊತ್ತಾಗ್ಲಿ" ಅಂದು ಇನ್ನೊಂದು ಗಾಡಿಯ ಕಡೆ ಹೊರಳಿದರು.

ಮಾಡಿದೆ. ಅದರಿಂದ ನನಗೆ ಗೊತ್ತಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮನೆಯಲ್ಲೇ ಇಂಥ ಕೆಲಸ ಮಾಡಿಕೊಳ್ಳುವವರಿಗೆ ಒಂದಷ್ಟು ಉಪಯೋಗಕ್ಕೆ ಬರಬಹುದು. ಅದಕ್ಕಿಂತ ಹೆಚ್ಚಾಗಿ, ಗ್ಯಾರೇಜಿನ ಮುಂದೆ ನಿಂತು ಚೌಕಾಸಿ ಮಾಡುವಾಗ ನಾವು ಯಾವುದನ್ನು ಕಡಿಮೆ ಮಾಡಿ ಅಂತ ಕೇಳುತ್ತಿದ್ದೇವೆ ಅನ್ನೋದು ತಿಳಿಯಬೇಕು ಅಂತ.

ಮೊದಲು ಕೂರಿಸಿ ನೋಡಿ, ಆಮೇಲೆ ಬಣ್ಣ

ಮೊದಲ ಮಾತು, ಎಲ್ಲ ತಗಡೂ ಮನೆಯಲ್ಲಿ ಬದಲಿಸುವಂಥದ್ದಲ್ಲ. ಬೋಲ್ಟಿನ ಮೇಲೆ ಕೂರುವ ಫೆಂಡರ್, ಬಾನೆಟ್, ಟ್ರ್ಯಾಕ್ಟರಿನ ಮಡ್‌ಗಾರ್ಡ್, ಬೈಕಿನ ಸೈಡ್ ಪ್ಯಾನೆಲ್ ಇವು ಆಗುತ್ತವೆ. ಕಾರಿನ ಹಿಂದಿನ ಗಾಲಿಯ ಮೇಲಿನ ತಗಡು ವೆಲ್ಡಿಂಗ್ ಮಾಡಿದ್ದು, ಅದರ ಸುದ್ದಿಗೆ ಹೋಗಬೇಡಿ.

ಫೆಂಡರ್ ಬಿಚ್ಚೋಕೆ ನನಗೆ ಒಂದು ಬೆಳಗ್ಗೆ ಹಿಡಿಯಿತು. ಬಾನೆಟ್ ಎತ್ತಿದರೆ ಅಂಚಿನಲ್ಲಿ ಕೆಲವು ಬೋಲ್ಟು ಕಾಣುತ್ತವೆ. ಬಾಗಿಲು ತೆರೆದರೆ ಸಂದಿಯಲ್ಲಿ, ಕೆಳಗೆ ಮೆಟ್ಟಿಲ ಅಂಚಿನಲ್ಲಿ, ಬಂಪರ್ ಹಿಂದೆ ಉಳಿದವು. ತುಕ್ಕು ಹಿಡಿದ ಬೋಲ್ಟಿಗೆ ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿಡಿ, ಇಲ್ಲದಿದ್ದರೆ ತಲೆ ಮುರಿಯುತ್ತದೆ. ಇಂಡಿಕೇಟರಿನ ವೈರ್ ಮೊದಲು ಬಿಡಿಸಿ. ಹಳೇ ಫೆಂಡರ್ ತೆಗೆದಾಗ ಒಳಗಿನ ಮೂಲೆಯಿಂದ ಎರಡು ಬೊಗಸೆ ಕರಿಮಣ್ಣು ಬಿತ್ತು. ಮಳೆಗಾಲದಲ್ಲಿ ಗಾಲಿ ಎರಚಿದ ಮಣ್ಣು ಅಲ್ಲೇ ಕೂತು, ತೇವ ಹಿಡಿದಿಟ್ಟುಕೊಂಡು, ಒಳಗಿನಿಂದ ತಗಡು ತಿಂದಿದೆ. ಹೊರಗೆ ಗುಳ್ಳೆ ಕಾಣುವಷ್ಟರಲ್ಲಿ ಒಳಗೆ ತಗಡೇ ಉಳಿದಿರುವುದಿಲ್ಲ. ನಿಮ್ಮ ಗಾಡಿಯಲ್ಲಿ ಆ ಮೂಲೆಗೆ ವರ್ಷಕ್ಕೊಮ್ಮೆಯಾದರೂ ಪೈಪಿನಿಂದ ನೀರು ಬಿಡಿ.

ಹೊಸ ಫೆಂಡರ್ ತಂದ ಕೂಡಲೇ ಬಣ್ಣ ಹೊಡೆಯಬಾರದು. ಮೊದಲು ಅದನ್ನು ಗಾಡಿಗೆ ಕೂರಿಸಿ, ಬೋಲ್ಟು ಅರ್ಧ ಬಿಗಿದು, ಬಾಗಿಲು ಮತ್ತು ಬಾನೆಟ್ ಜೊತೆಗಿನ ಸಂದಿ ಮೇಲಿಂದ ಕೆಳಗಿನವರೆಗೆ ಒಂದೇ ಸಮ ಇದೆಯಾ ನೋಡಬೇಕು. ನನ್ನದು ಬಾಗಿಲ ಹತ್ತಿರ ಮೇಲ್ಗಡೆ ಉಜ್ಜುತ್ತಿತ್ತು. ಬೋಲ್ಟಿನ ತೂತನ್ನು ಕಾನಸಿನಿಂದ ಸ್ವಲ್ಪ ಉದ್ದ ಮಾಡಿ ಸರಿಸಿದೆ. ಇದನ್ನೇ ಬಣ್ಣ ಹೊಡೆದ ಮೇಲೆ ಮಾಡಿದ್ದರೆ ಅಂಚಿನ ಬಣ್ಣ ಎದ್ದು ಹೋಗುತ್ತಿತ್ತು.

ಕಪ್ಪು ಬಣ್ಣದ ಗುಟ್ಟು

ಹೊಸ ತಗಡು ಕಪ್ಪು ಬಣ್ಣದಲ್ಲಿ ಬರುತ್ತದೆ. ಅದನ್ನೇ ಪ್ರೈಮರ್ ಅಂದುಕೊಂಡು ನೇರ ಮೇಲೆ ಬಣ್ಣ ಹೊಡೆಯುವವರಿದ್ದಾರೆ. ಕಂಪನಿಯ ಒಳ್ಳೆಯ ತಗಡಿಗೆ ವಿದ್ಯುತ್ ಹರಿಸಿ ಅದ್ದಿ ತೆಗೆದ ಗಟ್ಟಿ ಪದರ ಇರುತ್ತದೆ, ಅದು ಒಳ್ಳೆಯದು, ಹಾಗೇ ಉಳಿಸಿಕೊಳ್ಳಬೇಕು. ಅಗ್ಗದ ತಗಡಿಗೆ ಸಾಗಿಸುವಾಗ ತುಕ್ಕು ಹಿಡಿಯದಿರಲಿ ಅಂತ ಬಳಿದ ಬರೀ ಕಪ್ಪು ಬಣ್ಣ ಇರುತ್ತದೆ. ಎರಡೂ ನೋಡಲು ಒಂದೇ ಥರ. ತಿಳಿಯಲು ಸುಲಭದ ದಾರಿ ಅಂದರೆ, ಬಟ್ಟೆಗೆ ಥಿನ್ನರ್ ಹಚ್ಚಿ ಒಳಭಾಗದಲ್ಲಿ ಕಾಣದ ಕಡೆ ಉಜ್ಜುವುದು. ಬಟ್ಟೆ ಕಪ್ಪಾದರೆ ಆ ಬಣ್ಣವನ್ನು ನಂಬಬೇಡಿ, ಪೂರ್ತಿ ತೆಗೆಯಬೇಕು. ಇಲ್ಲದಿದ್ದರೆ ಮೇಲೆ ಹೊಡೆಯುವ ಬಣ್ಣದ ಥಿನ್ನರಿಗೆ ಅದು ಕರಗಿ, ಸುಕ್ಕುಗಟ್ಟಿ ಎಲ್ಲ ಎದ್ದುಬರುತ್ತದೆ.

ನನ್ನ ಬಟ್ಟೆ ಕಪ್ಪಾಯಿತು. ಅಲ್ಲಿಂದ ಉಜ್ಜುವುದು ಶುರು.

ಉಜ್ಜುವ ಮುಂಚೆ ತೊಳೆಯಬೇಕು, ಇದು ನನಗೆ ಗೊತ್ತಿರಲಿಲ್ಲ. ಜಿಡ್ಡು ಇದ್ದಾಗ ಉಪ್ಪು ಕಾಗದ ಹಾಕಿದರೆ ಆ ಜಿಡ್ಡನ್ನೇ ಗೀರುಗಳೊಳಗೆ ತುಂಬಿದ ಹಾಗೆ. ಸೋಪಿನ ನೀರಿನಲ್ಲಿ ತೊಳೆದು, ಒಣಗಿಸಿ, ಎರಡು ಬಟ್ಟೆ ಹಿಡಿದು ಒರೆಸಬೇಕು. ಒಂದು ಬಟ್ಟೆಗೆ ಥಿನ್ನರ್, ಅದು ಆರುವ ಮೊದಲೇ ಹಿಂದಿನಿಂದ ಒಣ ಬಟ್ಟೆ. ಪೆಟ್ರೋಲ್ ಬಳಸಬೇಡಿ. ಬೆಂಕಿಯ ಭಯ ಒಂದು ಕಡೆ, ಮೇಲೆ ಎಣ್ಣೆಯ ಪಸೆ ಬಿಟ್ಟು ಹೋಗುತ್ತದೆ.

ಕಾಗದದ ಮೇಲೆ ನಂಬರ್ ಇರುತ್ತದೆ. ನಂಬರ್ ಕಡಿಮೆಯಾದಷ್ಟು ಕಾಗದ ಒರಟು. ತಗಡು ಬರಿದು ಮಾಡಲು, ಪುಟ್ಟಿ ಹಚ್ಚುವ ಕಡೆ 80 ಅಥವಾ 120. ಆ ಗೀರು ಹೋಗಲು 180, ಅದರ ಗೀರು ಹೋಗಲು 240. ಆಮೇಲೆ ಪ್ರೈಮರ್. ಪ್ರೈಮರ್ ಒಣಗಿದ ಮೇಲೆ 400, ಕೊನೆಗೆ 600 ನೀರು ಹಾಕಿ. ಪ್ರತಿ ನಂಬರಿನ ಕೆಲಸ ಅದರ ಹಿಂದಿನ ನಂಬರಿನ ಗೀರನ್ನು ಅಳಿಸುವುದು. ಬರೀ ಕೈಬೆರಳಲ್ಲಿ ಉಜ್ಜಿದರೆ ಬೆರಳಿನ ಗುಂಟ ತಗ್ಗು ಬೀಳುತ್ತದೆ, ಅದಕ್ಕೆ ಕಾಗದವನ್ನು ಚಪ್ಪಟೆ ತುಂಡಿಗೆ ಸುತ್ತಬೇಕು. ನಾನು ಹರಿದ ಹವಾಯಿ ಚಪ್ಪಲಿಯ ಅಟ್ಟೆ ಕತ್ತರಿಸಿ ಬಳಸಿದೆ. ಫೆಂಡರಿನ ಉಬ್ಬಿಗೆ ತಕ್ಕಂತೆ ಅದು ಬಾಗುತ್ತದೆ, ಅಂಗಡಿಯ ಬ್ಲಾಕಿಗಿಂತ ಚೆನ್ನಾಗಿತ್ತು.

ಹೊಸ ಫೆಂಡರಿನಲ್ಲೂ ಬಸ್ಸಿನ ಟಾಪಿನ ಮೇಲೆ ಬಂದಿದ್ದರಿಂದ ಒಂದು ಸಣ್ಣ ತಗ್ಗಿತ್ತು. ಅದಕ್ಕೆ ಪುಟ್ಟಿ. ಗಾಡಿಯ ಪುಟ್ಟಿಗೆ ಗಟ್ಟಿಯಾಗಲು ಜೊತೆಗೊಂದು ಸಣ್ಣ ಟ್ಯೂಬ್ ಬರುತ್ತದೆ. 100 ಗ್ರಾಂ ಪುಟ್ಟಿಗೆ ಸುಮಾರು ಎರಡು ಗ್ರಾಂ ಸಾಕು. ಬೇಗ ಆಗಲಿ ಅಂತ ನಾನು ಜಾಸ್ತಿ ಹಿಂಡಿದೆ. ಹಚ್ಚುವಷ್ಟರಲ್ಲಿ ಹಲಗೆಯ ಮೇಲೇ ಕಲ್ಲಾಯಿತು. ಎರಡನೇ ಸಲ ಸರಿಯಾಯಿತು. ಪುಟ್ಟಿಯನ್ನು ಒಣದಾಗಿಯೇ ಉಜ್ಜಬೇಕು. ಅದು ನೀರು ಕುಡಿಯುತ್ತದೆ, ಕುಡಿದ ನೀರು ಬಣ್ಣದ ಕೆಳಗೆ ಕೂತು ನಂತರ ಗುಳ್ಳೆಯಾಗಿ ಎದ್ದು ಬರುತ್ತದೆ. ಬರಿದಾದ ತಗಡನ್ನೂ ರಾತ್ರಿ ಹಾಗೇ ಬಿಡಬಾರದು. ಬೆವರಿನ ಕೈಯ ಗುರುತು ಮರುದಿನ ಬೆಳಗ್ಗೆ ಕೆಂಪಾಗಿ ಕಾಣುತ್ತದೆ. ಬರಿದು ಮಾಡಿದ ದಿನವೇ ಪ್ರೈಮರ್ ಆಗಬೇಕು.

ಒಂದು ಎಚ್ಚರಿಕೆ. ಹಳೇ ಬಣ್ಣ ಉಜ್ಜುವಾಗ ಏಳುವ ಧೂಳನ್ನು ಮಕ್ಕಳಿಂದ ದೂರ ಇಡಿ. ನಮ್ಮ ದೇಶದಲ್ಲಿ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದು ಅನ್ನುವ 2016ರ ನಿಯಮ ಮನೆಗೆ ಬಳಿಯುವ, ಅಲಂಕಾರದ ಬಣ್ಣಗಳಿಗೆ ಮಾಡಿದ್ದು, ಗಾಡಿಯ ಬಣ್ಣಕ್ಕಲ್ಲ. ಅಂಗಳದಲ್ಲಿ ಬಿದ್ದ ಧೂಳನ್ನು ಒಣದಾಗಿ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.

ನಾನು ಸೋತ ಜಾಗ

ಎರಡನೇ ದಿನ ಸಂಜೆ ಹೊತ್ತಿಗೆ ಭುಜ ಬಿದ್ದುಹೋಗಿತ್ತು. ಕಾಗದ ತೊಳೆದು ತೊಳೆದು ಬೆರಳ ತುದಿಯ ಚರ್ಮ ತೆಳ್ಳಗಾಗಿ ಫೋನಿನ ಬೆರಳಚ್ಚು ಲಾಕ್ ತೆಗೆಯುತ್ತಿರಲಿಲ್ಲ. ಸುದ್ದಿ ಕಳಿಸಲು ಪಿನ್ ಒತ್ತಬೇಕಾಯಿತು. ಅದೇ ಹೊತ್ತಿಗೆ ಡೆಸ್ಕಿನಿಂದ ಗೋವಿನಜೋಳ ಖರೀದಿಯ ಸುದ್ದಿ ಎಲ್ಲಿ ಅಂತ ಫೋನು. ಅವಸರದಲ್ಲಿ 180, 240 ಎರಡನ್ನೂ ಹಾರಿಸಿದೆ. 120ರ ಗೀರಿನ ಮೇಲೇ ಡಬ್ಬಿಯ ಪ್ರೈಮರ್ ಹೊಡೆದೆ. ಬೂದು ಬಣ್ಣ ಎಲ್ಲವನ್ನೂ ಮುಚ್ಚಿತು. ಕಣ್ಣಿಗೆ ಚೊಕ್ಕಟ ಕಂಡಿತು.

ಮೂರನೇ ದಿನ ಬಿಳಿ ಬಣ್ಣದ ಸ್ಪ್ರೇ ಡಬ್ಬಿ. ಪಕ್ಕದ ಹೊಲದಲ್ಲಿ ಗೋವಿನಜೋಳದ ರಾಶಿ ಮಷಿನ್ ನಿಲ್ಲುವವರೆಗೆ ಕಾದೆ, ಇಲ್ಲದಿದ್ದರೆ ಹೊಟ್ಟೆಲ್ಲ ಬಣ್ಣದ ಮೇಲೆ. ಅಂಗಳಕ್ಕೆ ನೀರು ಚಿಮುಕಿಸಿದೆ, ಧೂಳು ಕೂತಿತು. ನೆರಳಿನಲ್ಲಿ ಹೊಡೆದೆ. ಉರಿಬಿಸಿಲಲ್ಲಿ ಹೊಡೆದರೆ ಬಣ್ಣ ಹರಡಿಕೊಳ್ಳುವ ಮೊದಲೇ ಒಣಗಿ ಕಿತ್ತಳೆ ಸಿಪ್ಪೆಯ ಹಾಗೆ ಆಗುತ್ತದೆ. ಮಳೆಗಾಲದ ಥಂಡಿಯಲ್ಲಿ ಹೊಡೆದರೆ ಕೆಲವು ಬಣ್ಣ ಹಾಲು ಚೆಲ್ಲಿದ ಹಾಗೆ ಮಬ್ಬಾಗುತ್ತದೆ. ಡಬ್ಬಿಯನ್ನು ಒಂದು ಗೇಣಿನಷ್ಟು ದೂರ ಹಿಡಿದು, ತಗಡಿನ ಆಚೆಯಿಂದ ಶುರುಮಾಡಿ ಆಚೆಯೇ ನಿಲ್ಲಿಸಿ, ಪ್ರತಿ ಸಾಲು ಹಿಂದಿನ ಸಾಲಿನ ಅರ್ಧ ಮುಚ್ಚುವ ಹಾಗೆ ತೆಳ್ಳಗೆ ಹೊಡೆಯಬೇಕು. ಹತ್ತು ನಿಮಿಷ ಬಿಟ್ಟು ಇನ್ನೊಂದು ಕೋಟು. ಒಂದೇ ಸಲ ದಪ್ಪ ಹೊಡೆದರೆ ಕಣ್ಣೀರಿನ ಹಾಗೆ ಇಳಿಯುತ್ತದೆ.

ಇಷ್ಟೆಲ್ಲ ಸರಿಯಾಗಿಯೇ ಮಾಡಿದೆ. ಚಾಚಾ ಹೇಳಿದ ಹಾಗೆ ಹೊಡೆಯುವ ಕೆಲಸ, ನಡುವೆ ಕಾಯುವುದು ಬಿಟ್ಟರೆ, ಅರ್ಧ ತಾಸೂ ಇರಲಿಲ್ಲ. ಹೆಂಡತಿ ಬಂದು ನೋಡಿ "ಹೊಸಾ ಗಾಡಿ ಆತು ನೋಡ್ರಿ" ಅಂದಳು.

ಮರುದಿನ ಬೆಳಗಿನ ಬಿಸಿಲು ಓರೆಯಾಗಿ ಬಿದ್ದಾಗ ಎಲ್ಲ ಕಂಡಿತು. ಪ್ರೈಮರ್ ಒಣಗುತ್ತಾ ಗೀರುಗಳೊಳಗೆ ಇಳಿದುಕೊಂಡಿತ್ತು. ಹೊಳೆಯುವ ಬಿಳಿಯ ಕೆಳಗೆ 120ರ ಗೀರುಗಳು ನೇಗಿಲ ಸಾಲಿನ ಹಾಗೆ ಎದ್ದು ಕಾಣುತ್ತಿದ್ದವು. ಬಣ್ಣ ಏನನ್ನೂ ಮುಚ್ಚುವುದಿಲ್ಲ. ಹೊಳಪು ಬಂದಷ್ಟೂ ಕೆಳಗಿನದ್ದನ್ನು ಎತ್ತಿ ತೋರಿಸುತ್ತದೆ. ಮತ್ತೆ ಎಲ್ಲ ಉಜ್ಜಿದೆ. ಈ ಸಲ ಒಂದು ನಂಬರನ್ನೂ ಬಿಡಲಿಲ್ಲ. ಪ್ರೈಮರಿನ ಮೇಲೆ ಕಪ್ಪು ಸ್ಪ್ರೇಯನ್ನು ಮಂಜಿನ ಹಾಗೆ ಉದುರಿಸಿ ಉಜ್ಜಿದೆ. ಎಲ್ಲಿ ಕಪ್ಪು ಉಳಿಯಿತೋ ಅಲ್ಲಿ ತಗ್ಗಿದೆ ಅಂತ ಲೆಕ್ಕ.

ಹೀಗೆ ಎರಡು ಸಲ ಉಜ್ಜುವಾಗ ನನಗೆ ಚಾಚಾನ 3,500ರ ಲೆಕ್ಕ ಬಿಡಿಸಿತು. ಅದರಲ್ಲಿ ಬಣ್ಣ ಸ್ವಲ್ಪ, ಉಜ್ಜುವುದೇ ಬಹುಪಾಲು. ನಾನು ಎರಡು ಸಾವಿರಕ್ಕೆ ಮುಗಿಸಿ ಅಂದಾಗ ಬಣ್ಣದ ಡಬ್ಬಿಯ ಬೆಲೆ ಕಡಿಮೆಯಾಗುವುದಿಲ್ಲ, ಅಂಗಡಿಯವನು ಬಿಡುವುದಿಲ್ಲ. ಕಡಿಮೆಯಾಗುವುದು 180 ಮತ್ತು 240. ಎರಡು ತಿಂಗಳಿಗೆ ಬಣ್ಣ ಎದ್ದಾಗ "ಪೇಂಟರ್ ಮೋಸ ಮಾಡಿದ" ಅಂತ ಊರೆಲ್ಲ ಹೇಳುತ್ತೇವೆ. ಮೋಸಕ್ಕೆ ಅರ್ಧ ದುಡ್ಡು ಕೊಟ್ಟವರು ನಾವೇ.

ನನ್ನಂಥ ಸ್ಟ್ರಿಂಗರಿಗೆ ಇದು ಬೇಗ ಅರ್ಥವಾಗಬೇಕಿತ್ತು. ನಮಗೂ ಅಚ್ಚಾದ ಸುದ್ದಿಗೆ ಮಾತ್ರ ದುಡ್ಡು. ಅದಕ್ಕಾಗಿ ಓಡಾಡಿದ ಪೆಟ್ರೋಲು, ತಹಶೀಲ್ದಾರ್ ಕಚೇರಿಯ ಮುಂದೆ ಕಾದ ತಾಸುಗಳು, ಅಚ್ಚಾಗದೇ ಉಳಿದ ಸುದ್ದಿ ಯಾರ ಲೆಕ್ಕಕ್ಕೂ ಬರುವುದಿಲ್ಲ. ಅದರ ಬಗ್ಗೆ ಗೊಣಗುವ ನಾನೇ ಗ್ಯಾರೇಜಿನಲ್ಲಿ ಡಬ್ಬಿಯ ಲೆಕ್ಕ ಹಾಕಿದ್ದೆ.

ಗನ್ ಕೊಡಲಿಲ್ಲ ಚಾಚಾ

ಕಥೆ ಇಲ್ಲಿಗೇ ಮುಗಿದಿದ್ದರೆ ಬರೆಯುತ್ತಿರಲಿಲ್ಲ.

ಡಬ್ಬಿಯ ಸ್ಪ್ರೇ ಬಣ್ಣಕ್ಕೆ ಗಟ್ಟಿತನ ಇಲ್ಲ. ಪೆಟ್ರೋಲ್ ಹನಿ ಬಿದ್ದರೆ ಕರಗುತ್ತದೆ. ಬೈಕಿನ ಟ್ಯಾಂಕಿಗೆ ಅದನ್ನು ಹೊಡೆದವರಿಗೆ ಗೊತ್ತಿರುತ್ತದೆ. ಗಟ್ಟಿ ಬಣ್ಣ ಬೇಕಾದರೆ ಹಾರ್ಡ್ನರ್ ಬೆರೆಸುವ ಪಿಯು ಬಣ್ಣ, ಗ್ಯಾರೇಜಿನವರು ಟೂಕೆ ಅನ್ನುವುದು. ರಾಣೆಬೆನ್ನೂರಿನ ಬಣ್ಣದ ಅಂಗಡಿಯಲ್ಲಿ ಕೇಳಿದೆ. ಬಣ್ಣ, ಹಾರ್ಡ್ನರ್, ಥಿನ್ನರ್ ಮೂರನ್ನೂ ಒಂದು ಚೀಲಕ್ಕೆ ಹಾಕಿ ಕೊಟ್ಟ. ಏನು ಹಾಕಿಕೊಂಡು ಹೊಡೆಯಬೇಕು ಅಂತ ಒಂದು ಮಾತು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕಂಪ್ರೆಸರ್ ಬಾಡಿಗೆಗೆ ಸಿಗುತ್ತಿತ್ತು. ಸ್ಪ್ರೇ ಗನ್ ಒಂದು ದಿನಕ್ಕೆ ಕೊಡಿ ಅಂತ ಚಾಚಾ ಹತ್ತಿರ ಹೋದೆ.

ಚೀಲ ನೋಡಿ, "ಇದನ್ನ ಎಲ್ಲಿ ಹೊಡೀತೀರಿ?" ಅಂದರು. ಮನೆಯ ಹಿಂದಿನ ದನದ ಕೊಟ್ಟಿಗೆ ಖಾಲಿ ಇದೆ, ಧೂಳು ಬರುವುದಿಲ್ಲ ಅಂದೆ. "ಮನ್ಯಾಗ ಸಣ್ಣ ಹುಡುಗರು ಅದಾವಲ್ಲ? ಗನ್ ಕೊಡಂಗಿಲ್ಲ" ಅಂದರು. ಆಮೇಲೆ ಮೊದಲ ಸಲ ತಮ್ಮ ಕೆಮ್ಮಿನ ಸುದ್ದಿ ಹೇಳಿದರು. ನಾನು ಅದನ್ನು ಬೀಡಿಯ ಕೆಮ್ಮು ಅಂದುಕೊಂಡಿದ್ದೆ, ಅವರು ಬೀಡಿ ಸೇದುವವರೇ ಅಲ್ಲ. ಹಾರ್ಡ್ನರ್ ಹಾಕಿದ ಬಣ್ಣ ಹೊಡೆದ ದಿನ ರಾತ್ರಿ ಎದೆ ಹಿಡಿಯುತ್ತದೆ, ಸೀಟಿ ಊದಿದ ಹಾಗೆ ಉಸಿರು. ಶುಕ್ರವಾರ ರಜೆ ಮಾಡಿದರೆ ಹಗುರ. ಮಗಳ ಮದುವೆಗೆ ಅಂತ ಹದಿನೈದು ದಿನ ಗ್ಯಾರೇಜ್ ಮುಚ್ಚಿದಾಗ ಪೂರ್ತಿ ಆರಾಮ. ಮತ್ತೆ ಗನ್ ಹಿಡಿದ ದಿನ ಮತ್ತೆ ಶುರು. ಈಗ ಗನ್ ಹಿಡಿಯುವುದು ಅವರ ಕೈಕೆಳಗಿನ 19 ವರ್ಷದ ಹುಡುಗ. ನಾನು ನೋಡಿದಾಗ ಆ ಹುಡುಗ ಮೂಗಿಗೆ ಕರ್ಚೀಫ್ ಕಟ್ಟಿಕೊಂಡು ಒಂದು ಬೊಲೆರೊದ ಬಾಗಿಲಿಗೆ ಬಣ್ಣ ಹೊಡೆಯುತ್ತಿದ್ದ.

ಚಾಚಾನ ಕೆಮ್ಮು ಯಾವುದರಿಂದ ಬಂತು ಅಂತ ಹೇಳಲು ನಾನು ಡಾಕ್ಟರ್ ಅಲ್ಲ. ಆದರೆ ಹಾರ್ಡ್ನರಿನಲ್ಲಿ ಏನಿರುತ್ತದೆ ಅನ್ನೋದು ಗುಟ್ಟಲ್ಲ. ಅದರಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ಬಣ್ಣ ಕಲ್ಲಿನ ಹಾಗೆ ಗಟ್ಟಿಯಾಗುವುದು ಅದರಿಂದಲೇ. ಗನ್ನಿನಿಂದ ಹೊಡೆದಾಗ ಅದು ಮಂಜಾಗಿ ಗಾಳಿಯಲ್ಲಿ ನಿಲ್ಲುತ್ತದೆ. ಉಸಿರಿನ ಜೊತೆ ಒಳಗೆ ಹೋದರೆ ಕೆಲಸದಿಂದ ಬರುವ ಅಸ್ತಮಾಕ್ಕೆ ಅದೊಂದು ಹೆಸರಾದ ಕಾರಣ. ಕೆಲಸದ ದಿನ ಉಸಿರು ಕಟ್ಟುವುದು, ರಜೆಯಲ್ಲಿ ಹಗುರಾಗುವುದು ಅದರ ಗುರುತು. ಒಮ್ಮೆ ಮೈಗೆ ಒಗ್ಗದೇ ಹೋಯಿತೋ, ಆಮೇಲೆ ತೀರಾ ಸ್ವಲ್ಪ ತಾಗಿದರೂ ಎದೆ ಹಿಡಿಯುತ್ತದೆ. ಅಂಥವರಿಗೆ ಉಳಿದಿರುವ ದಾರಿ ಆ ಬಣ್ಣದಿಂದಲೇ ದೂರ ಇರುವುದು. ಪೇಂಟರಿಗೆ ಅದರರ್ಥ ಕಸುಬು ಬಿಡುವುದು.

ಕರ್ಚೀಫ್ ಇದನ್ನು ತಡೆಯುವುದಿಲ್ಲ. ಕೊರೊನಾ ಕಾಲದ ಮಾಸ್ಕೂ ತಡೆಯುವುದಿಲ್ಲ. ವಾಸನೆ ಬಂದಾಗ ದೂರ ಹೋದರಾಯಿತು ಅನ್ನುವ ಹಾಗೂ ಇಲ್ಲ. ನಮಗೆ ಬರುವ ವಾಸನೆ ಥಿನ್ನರಿನದ್ದು, ಐಸೊಸಯನೇಟ್ ಕೆಡುಕು ಮಾಡುವಷ್ಟಿದ್ದರೂ ಮೂಗಿಗೆ ತಿಳಿಯುವುದಿಲ್ಲ. ಕಣ್ಣಿಗೆ ಮಂಜು ಕಾಣದಂತಾದ ಮೇಲೂ ಅದು ಕೋಣೆಯಲ್ಲಿ ಇರುತ್ತದೆ. ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷತಾ ಕಾರ್ಯಾಲಯ ಇಂಥ ಬಣ್ಣ ಹೊಡೆಯುವವರಿಗೆ ಹೇಳುವುದು, ಹೊರಗಿನ ಶುದ್ಧ ಗಾಳಿಯನ್ನು ಪೈಪಿನಲ್ಲಿ ತಂದು ಕೊಡುವ ಮಾಸ್ಕ್ ಹಾಕಿಕೊಳ್ಳಿ, ಹೊಡೆದು ಮುಗಿದ ತಕ್ಷಣ ಅದನ್ನು ತೆಗೆಯಬೇಡಿ, ಗಾಳಿ ತಿಳಿಯಾಗುವವರೆಗೆ ಕಾಯಿರಿ ಅಂತ. ನಾನು ಇದನ್ನು ಮೂರು ಕಡೆ ಮುಚ್ಚಿದ ಕೊಟ್ಟಿಗೆಯಲ್ಲಿ, ಗೋಡೆಯಾಚೆ ಮಕ್ಕಳು ಆಡುತ್ತಿರುವಾಗ ಹೊಡೆಯಲು ಹೊರಟಿದ್ದೆ.

ಇದು ನಮ್ಮ ಸರ್ಕಾರಕ್ಕೆ ಗೊತ್ತಿಲ್ಲದ ವಿಷಯವೂ ಅಲ್ಲ. 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ, ವರದಿ ಮಾಡಲೇಬೇಕಾದ ಕಾಯಿಲೆಗಳ ಪಟ್ಟಿಯೊಳಗೆ ಐಸೊಸಯನೇಟ್ ವಿಷಬಾಧೆಯ ಹೆಸರಿತ್ತು. ಆದರೆ ಆ ಕಾಯ್ದೆ ಕಾರ್ಖಾನೆ ಅಂತ ಎಣಿಸಿದ್ದು, ಕರೆಂಟ್ ಬಳಸುವ ಕಡೆ 10 ಜನ ಕೆಲಸಗಾರರಿದ್ದರೆ. ಚಾಚಾನ ಗ್ಯಾರೇಜಿನಲ್ಲಿ ಇರುವುದು ಮೂವರು. ಅದೇ ಬಣ್ಣ, ಅದೇ ಮಂಜು, ಆದರೆ ತಲೆ ಎಣಿಕೆಯಲ್ಲಿ ಕಡಿಮೆ ಬಿದ್ದವರ ಶ್ವಾಸಕೋಶ ಪಟ್ಟಿಯಿಂದ ಹೊರಗೆ. ನಮ್ಮ ತಾಲ್ಲೂಕುಗಳಲ್ಲಿ ಗಾಡಿಗೆ ಬಣ್ಣ ಹೊಡೆಯುವವರಲ್ಲಿ ಹೆಚ್ಚಿನವರು ಇಂಥ ಎರಡು ಮೂರು ಜನರ ಶೆಡ್ಡಿನವರೇ.

ಹಾಗಾದರೆ ಏನು ಮಾಡಬೇಕು?

"ರೈತನ ಹತ್ರ ದುಡ್ಡೆಲ್ಲಿದೆ, ಚೌಕಾಸಿ ಮಾಡದೆ ಹೇಗೆ?" ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆ. ನನ್ನ ಹತ್ತಿರವೂ ಇರಲಿಲ್ಲ. ನಾನು ಕೊನೆಗೆ ಮಾಡಿದ್ದನ್ನು ಹೇಳುತ್ತೇನೆ.

ಉಜ್ಜುವ ಕೆಲಸ ಪೂರ್ತಿ ಮನೆಯಲ್ಲೇ ಮುಗಿಸಿ, 600ರ ವರೆಗೆ ತಂದು, ಫೆಂಡರನ್ನು ಹಳೇ ಸೀರೆಯಲ್ಲಿ ಸುತ್ತಿಕೊಂಡು ಚಾಚಾ ಹತ್ತಿರ ಹೋದೆ. ಅವರು ಕಣ್ಣು ಬೇರೆ ಕಡೆ ಇಟ್ಟು ಅಂಗೈಯನ್ನು ಮೇಲಿಂದ ಕೆಳಗೆ ಜಾರಿಸಿದರು. ಒಂದು ಕಡೆ ನಿಲ್ಲಿಸಿ, "ಇಲ್ಲೊಂದು ತಗ್ಗು ಐತಿ" ಅಂದರು. ನನಗೆ ಕಂಡಿರಲಿಲ್ಲ, ಕಪ್ಪು ಉದುರಿಸಿದಾಗಲೂ ಸಿಕ್ಕಿರಲಿಲ್ಲ. ಮೂವತ್ತು ವರ್ಷದ ಅಂಗೈ ಅದು. ಅಲ್ಲಿಷ್ಟು ಸರಿ ಮಾಡಿ, ಹೊರಗೆ ಬಯಲಿನಲ್ಲಿ ಸ್ಟ್ಯಾಂಡಿಗೆ ನೇತುಹಾಕಿ ಬಣ್ಣ ಹೊಡೆಸಿದರು. 1,500 ತಗೊಂಡರು. ನನಗೆ ದುಡ್ಡು ಉಳಿಯಿತು, ಅವರ ಕೂಲಿಯಲ್ಲಿ ಒಂದು ಪೈಸೆಯನ್ನೂ ನಾನು ಕಿತ್ತುಕೊಳ್ಳಲಿಲ್ಲ. ನಾನು ಉಳಿಸಿದ್ದು ನನ್ನ ರಟ್ಟೆಯ ದುಡ್ಡು.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಬಿಚ್ಚುವುದು, ಕೂರಿಸುವುದು, ತೊಳೆಯುವುದು, ಉಜ್ಜುವುದು ಧಾರಾಳವಾಗಿ ಮನೆಯಲ್ಲಿ ಮಾಡಿ. ಸಣ್ಣ ಭಾಗಕ್ಕೆ ಡಬ್ಬಿಯ ಬಣ್ಣವನ್ನೂ ಬಯಲಿನಲ್ಲಿ, ಒಲೆ, ದೀಪ, ಬೀಡಿಯಿಂದ ದೂರ ನಿಂತು ಹೊಡೆಯಿರಿ. ಥಿನ್ನರಿನ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ಹೋಗಿ ಬೆಂಕಿ ಹಿಡಿಯುತ್ತದೆ. ಆದರೆ ಹಾರ್ಡ್ನರ್ ಬೆರೆಸುವ ಬಣ್ಣವನ್ನು ಮನೆಗೆ ತರಬೇಡಿ. ಯೂಟ್ಯೂಬಿನಲ್ಲಿ ಹೊಡೆಯುವವರ ಕೈ ನೋಡುವ ಮೊದಲು ಮುಖಕ್ಕೆ ಏನು ಹಾಕಿಕೊಂಡಿದ್ದಾರೆ ನೋಡಿ.

ಗ್ಯಾರೇಜಿಗೆ ಕೊಡುವಾಗ ಒಟ್ಟು ಎಷ್ಟು ಅಂತ ಕೇಳಿ ಅರ್ಧಕ್ಕೆ ಇಳಿಸುವ ಬದಲು, ಬಣ್ಣಕ್ಕೆಷ್ಟು, ಉಜ್ಜುವುದಕ್ಕೆಷ್ಟು, ಹೊಡೆಯುವುದಕ್ಕೆಷ್ಟು ಅಂತ ಬಿಡಿಸಿ ಕೇಳಿ. ಉಜ್ಜುವುದರಲ್ಲಿ ಕಡಿಮೆ ಮಾಡಬೇಡಿ. ಹೊಡೆಯುವವನ ಮುಖದ ಮೇಲೆ ಬರೀ ಕರ್ಚೀಫ್ ಇದ್ದರೆ ಅದರ ಬಗ್ಗೆ ಒಂದು ಮಾತು ಕೇಳಿ. ಮಾಸ್ಕಿನ ಖರ್ಚಿಗೆ ಗಾಡಿಗೆ ಐವತ್ತು, ನೂರು ಜಾಸ್ತಿ ಹೇಳಿದರೆ ಕೊಡಿ.

ಅಂಗಡಿಯವರು ಹಾರ್ಡ್ನರ್ ಮಾರುವಾಗ ಡಬ್ಬಿಯ ಮೇಲಿನ ಎಚ್ಚರಿಕೆಯನ್ನು ಬಾಯಲ್ಲಾದರೂ ಹೇಳಲಿ. ಅದು ಇಂಗ್ಲಿಷಿನಲ್ಲಿ ಇರುವೆಯ ಸಾಲಿನಷ್ಟು ಸಣ್ಣಗೆ ಇರುತ್ತದೆ. ಹೊಡೆಯುವ ಹುಡುಗ ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು. ಇಲ್ಲಿ ಮಾರುವ ಡಬ್ಬಿಯ ಮೇಲೆ ಕನ್ನಡದಲ್ಲಿ ದಪ್ಪ ಅಕ್ಷರದ ಎಚ್ಚರಿಕೆ ಬೇಕು ಅಂತ ಕೇಳುವುದು ದೊಡ್ಡ ಬೇಡಿಕೆಯಲ್ಲ.

ಕಾರ್ಮಿಕ ಇಲಾಖೆಯವರಿಗೂ ಒಂದು ಮಾತು. ಅಸಂಘಟಿತ ಕಾರ್ಮಿಕರ ಅಂಬೇಡ್ಕರ್ ಸಹಾಯ ಹಸ್ತ ಯೋಜನೆಯಲ್ಲಿ ಮೆಕ್ಯಾನಿಕ್‌ಗಳಿದ್ದಾರೆ. ಮೋಟಾರು ಸಾರಿಗೆ ಮತ್ತು ಸಂಬಂಧಿತ ಕಾರ್ಮಿಕರಿಗಾಗಿ 2024ರಲ್ಲಿ ರಾಜ್ಯ ಬೇರೆ ಕಾಯ್ದೆಯನ್ನೇ ತಂದಿದೆ. ಚಾಚಾಗೆ ಎರಡರ ಸುದ್ದಿಯೂ ಗೊತ್ತಿರಲಿಲ್ಲ. ಕಾರ್ಡ್ ಹಂಚುವ ಶಿಬಿರಕ್ಕೆ ಗ್ಯಾರೇಜಿನವರನ್ನು ಕರೆದಾಗ ಉಸಿರಿನ ಪರೀಕ್ಷೆಯನ್ನೂ ಮಾಡಿಸಿ. ಜೋರಾಗಿ ಊದಿಸಿ ನೋಡುವ ಸಣ್ಣ ಉಪಕರಣ ಸಾಕು, ದೊಡ್ಡ ಆಸ್ಪತ್ರೆ ಬೇಡ. 19 ವರ್ಷದವನ ಎದೆ ಈಗಲೇ ಪರೀಕ್ಷೆಯಾದರೆ ಉಳಿಸಿಕೊಳ್ಳಲು ಸಮಯವಿದೆ.

ನನ್ನ ಕಾರಿನ ಎಡಗಡೆ ಫೆಂಡರ್ ಈಗ ಉಳಿದ ಗಾಡಿಗಿಂತ ಬಿಳಿ. ಬಾಗಿಲು ಬಿಸಿಲಿಗೆ ಹಳದಿಯಾಗಿದೆ, ಇದು ಹಾಲಿನ ಹಾಗಿದೆ. ಒಳಮೈಗೆ ಡಾಂಬರಿನಂಥ ಅಂಡರ್‌ಕೋಟ್ ಹಚ್ಚಿದ್ದೇನೆ, ಕೆಳಗಿನ ಮೂಲೆಯ ನೀರು ಇಳಿಯುವ ತೂತು ಮುಚ್ಚದ ಹಾಗೆ. ಮೊನ್ನೆ ಗ್ಯಾರೇಜಿಗೆ ಹೋದಾಗ ಹುಡುಗನಿಗೆ ಎರಡು ಕಾರ್ಟ್ರಿಜ್ ಇರುವ ರಬ್ಬರ್ ಮಾಸ್ಕ್ ತಂದುಕೊಟ್ಟೆ. ಅದು ಕರ್ಚೀಫಿಗಿಂತ ಬಹಳ ವಾಸಿ, ಆದರೆ ಪೂರ್ತಿ ರಕ್ಷಣೆ ಅಲ್ಲ, ಕಾರ್ಟ್ರಿಜ್ ಬದಲಿಸುತ್ತಲೇ ಇರಬೇಕು ಅಂತಲೂ ಹೇಳಿದೆ. ಹಾಕಿಕೊಂಡು ಎರಡು ನಿಮಿಷಕ್ಕೆ "ಸೆಕಿ ಆಗತೈತಿ ಅಣ್ಣಾ" ಅಂತ ಕೊರಳಿಗೆ ಇಳಿಸಿದ. ಆಚೆ ಕಡೆ ಕುರ್ಚಿಯಲ್ಲಿ ಕೂತಿದ್ದ ಚಾಚಾ ಕೆಮ್ಮುತ್ತಲೇ, "ಹಾಕ್ಕೋಳೋ ಮಗನ, ನನ್ನ ನೋಡಿಯಾದ್ರೂ ಹಾಕ್ಕೋ" ಅಂದರು. ಹುಡುಗ ಮತ್ತೆ ಮೇಲೆಳೆದುಕೊಂಡ.